ಅವಸರದವಳ ಬೆನ್ನುನೋವು

ಬೆನ್ನು ಹಿಡಿದ ಹೆಂಗಸು ಮನೆಯಲ್ಲಿ ಎಲ್ಲಿದ್ದರೂ ಅಡ್ಡವೇ. ಅಡಿಗೆಮನೆಯ ಬಾಗಿಲಲ್ಲಿ ನಿಂತರೆ ನೀರು ತರುವವರಿಗೆ ಅಡ್ಡ, ಪಡಸಾಲೆಯಲ್ಲಿ ಮಲಗಿದರೆ ಬಂದುಹೋಗುವವರಿಗೆ ಅಡ್ಡ, ಮೂಲೆಯಲ್ಲಿ ಸುಮ್ಮನೆ ಕೂತರೆ ತನಗೆ ತಾನೇ ಅಡ್ಡ. ಜ್ವರ ಬಂದರೆ ಮೈ ಮುಟ್ಟಿ ನೋಡಿ ಹೌದೆನ್ನುತ್ತಾರೆ. ಗಾಯವಾದರೆ ರಕ್ತ ಕಾಣುತ್ತದೆ. ಬೆನ್ನುನೋವಿಗೆ ಸಾಕ್ಷಿಯೇ ಇಲ್ಲ. ನೋಡಿದವರಿಗೆ ನಾವು ಗುಂಡುಕಲ್ಲಿನ ಹಾಗೆ ಇರುತ್ತೇವೆ. ಇದನ್ನು ಓದುವವರಲ್ಲಿ ಯಾರಾದರೂ ಈಗ ಹಾಗೆ ಅಡ್ಡವಾಗಿ ಮಲಗಿದ್ದರೆ, ನಾನೂ ಮಲಗಿದ್ದೆ ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ. ವೈದ್ಯದ ಮಾತು ನನ್ನಿಂದ ನಿರೀಕ್ಷಿಸಬೇಡಿ. ನಾನು ಕಲಿತದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಮಾತ್ರ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಿನ ಓಣಿಯಲ್ಲಿ ನಮ್ಮ ಮನೆ, ಓಣಿಯ ಬಾಯಿಗೆ ನಮ್ಮ ಮನೆಯವರ ಜೋಳದ ಅಂಗಡಿ. ಮನೆಯಲ್ಲಿ ನಾವಿಬ್ಬರು, ನಮ್ಮ ಅತ್ತೆ, ಆಗತಾನೆ ಹೆಜ್ಜೆ ಇಡುತ್ತಿದ್ದ ಮಗಳು ಗಿರಿಜಾ. ನನಗೆ ಮೊದಲಿನಿಂದಲೂ ಒಂದು ಕಡೆ ಕಾಲು ನಿಲ್ಲುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ನಡುವೆ ಎದ್ದು ಹೋಗಿ ಬಟ್ಟೆ ನೆನೆಸಿ ಬರುತ್ತಿದ್ದೆ, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿರುತ್ತಿತ್ತು. "ಈಕಿಗೆ ದೇವರು ಕುಂದ್ರೂದನ್ನ ಕಲಿಸೇ ಇಲ್ಲ" ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದರು. ಆ ಮಾತಿನಲ್ಲಿ ಬೈಗುಳಕ್ಕಿಂತ ಹೊಗಳಿಕೆಯೇ ಹೆಚ್ಚು ಎಂದು ನಾನು ತಿಳಿದುಕೊಂಡಿದ್ದೆ.

ಶ್ರಾವಣದ ಒಂದು ಸೋಮವಾರ ಬಚ್ಚಲಮನೆಯಲ್ಲಿ ತುಂಬಿದ ತಾಮ್ರದ ಹಂಡೆಯನ್ನು ಸರಿಸಬೇಕಾಗಿತ್ತು. ಅದು ಇಬ್ಬರು ಹಿಡಿಯುವ ಹಂಡೆ. ಅತ್ತೆ ಲಿಂಗಪೂಜೆಗೆ ಕೂತಿದ್ದರು. ಅವರು ಏಳುವವರೆಗೆ ಕಾಯುವುದು ನನ್ನಿಂದ ಆಗಲಿಲ್ಲ. ಬಗ್ಗಿ ಹಂಡೆಯ ಎರಡೂ ಹಿಡಿಕೆ ಹಿಡಿದು ಎಳೆದೆ. ಹಂಡೆ ಒಂದು ಗೇಣು ಸರಿಯಿತು, ನನ್ನ ಸೊಂಟದಲ್ಲಿ ಏನೋ ಕಡಕ್ಕೆಂದಿತು. ನೀರಿನಲ್ಲೇ ಕೂತುಬಿಟ್ಟೆ. ಎಣ್ಣೆ ತಿಕ್ಕಿದರು, ಬಿಸಿ ಇಟ್ಟಿಗೆ ಇಟ್ಟರು, ಎಕ್ಕದ ಎಲೆ ಕಟ್ಟಿದರು. ನೋವು ಎಡಗಾಲಿನ ಹಿಮ್ಮಡಿಯವರೆಗೆ ಇಳಿಯಿತೇ ಹೊರತು ಹೋಗಲಿಲ್ಲ.

ಆಗ ಅಮ್ಮಿನಬಾವಿಗೆ ಮದುವೆ ಮಾಡಿ ಕೊಟ್ಟಿದ್ದ ನಾದಿನಿ ನೀಲವ್ವನನ್ನು ಕರೆಸಿದರು. ಕೆಲಸಕ್ಕೆ ಕೈಯಾಗಲಿ ಎಂದು ಒಂದು, ಅವಳ ಕಾಲಿನ ಗುಣಕ್ಕಾಗಿ ಇನ್ನೊಂದು. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಒದ್ದರೆ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನೀಲವ್ವ ಹಾಗೆ ಹುಟ್ಟಿದವಳು. ಚಿಕ್ಕವಳಿದ್ದಾಗ ಓಣಿಯ ದೊಡ್ಡ ದೊಡ್ಡ ಗಂಡಸರು ಬಂದು ಅವಳ ಕೈಗೆ ಬೆಲ್ಲದ ತುಂಡು ಕೊಟ್ಟು ಒದೆಸಿಕೊಂಡು ಹೋಗುತ್ತಿದ್ದರಂತೆ. ಆಗ ಅವಳದು ಹೂವಿನಂಥ ಕಾಲು. ಈಗ ಅವಳು ಹೊಲದಲ್ಲಿ ದುಡಿದು ಗಟ್ಟಿಯಾದ ಹೆಂಗಸು.

ನನ್ನನ್ನು ಹೊಸ್ತಿಲ ಕಡೆ ಮುಖ ಮಾಡಿ ನಿಲ್ಲಿಸಿದರು. ನೀಲವ್ವ ಕಾಲು ತೊಳೆದುಕೊಂಡು ಬಂದು, ದೊಡ್ಡವರ ಮೈಗೆ ಕಾಲು ತಾಗಿಸುವ ಸಂಕೋಚದಲ್ಲಿ, ಮೊದಲ ಎರಡು ಸಲ ಸೆರಗು ಸವರಿದಂತೆ ಒದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡುವ ಜಾಯಮಾನ ನನ್ನದಲ್ಲ.

"ಹಿಂಗ ಮುಟ್ಟಿದ್ರ ಏನಾಕ್ಕೈತಿ ನೀಲವ್ವಾ? ಛಲೋತ್ನ್ಯಾಗ ಒದಿ. ಒಮ್ಮೆ ಮುಗದು ಹೋಗ್ಲಿ."

"ಬ್ಯಾಡ್ರಿ ವೈನಿ, ನನಗ ಅಂಜಿಕಿ ಆಕ್ಕೈತಿ."

"ಒದಿ ಅಂದ್ರ ಒದಿ!"

ಅವಳು ಕಣ್ಣು ಮುಚ್ಚಿಕೊಂಡು ಒದ್ದಳು. ನಾನು ಹೊಸ್ತಿಲು ದಾಟಿ ಅಂಗಳದಲ್ಲಿ ಬಿದ್ದೆ. ಆ ಮೇಲೆ ನನ್ನಷ್ಟಕ್ಕೆ ನಾನು ಏಳಲಿಲ್ಲ. ನೀಲವ್ವ ಒದ್ದ ಕಾಲನ್ನೇ ಕೈಯಲ್ಲಿ ಹಿಡಿದುಕೊಂಡು, ಅದೇ ಮುರಿದಿದೆಯೇನೋ ಎನ್ನುವಂತೆ ಅಳುತ್ತ ಕೂತಳು.

ದೊಡ್ಡ ದವಾಖಾನೆಗೆ ನನ್ನನ್ನು ಟಾಂಗಾದಲ್ಲಿ ಮಲಗಿಸಿ ಒಯ್ದರು. ಅಲ್ಲಿನ ಪಡಸಾಲೆಯಲ್ಲಿ ಉದ್ದಕ್ಕೂ ಕೂರುವ ಮರದ ಬಾಕುಗಳಿದ್ದವು, ನನಗೆ ಕೂರಲು ಬರುತ್ತಿರಲಿಲ್ಲ. ನೆಲದ ಮೇಲೆ ಕಂಬಳಿ ಹಾಸಿ ಮಲಗಿಸಿದರು. ಬಂದವರೆಲ್ಲ ನನ್ನ ಮೇಲೆ ಬಗ್ಗಿ ನೋಡಿ, "ಏನಾಗೇತಿ ಈಕಿಗೆ?" ಎಂದು ನನ್ನನ್ನು ಬಿಟ್ಟು ಬೇರೆಯವರನ್ನು ಕೇಳುತ್ತಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಯಾವುದೋ ಹಳ್ಳಿಯ ಹೆಂಗಸು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತು, ತನ್ನ ಸೆರಗಿನಿಂದ ನನ್ನ ಮುಖಕ್ಕೆ ಮರೆ ಮಾಡಿದಳು. ನನ್ನ ಹೆಸರು ಕೇಳಲಿಲ್ಲ, ರೋಗ ಕೇಳಲಿಲ್ಲ. ನನ್ನ ಸರದಿ ಬರುವವರೆಗೆ ಹಾಗೇ ಕೂತಿದ್ದಳು. ಅವಳ ಮುಖವೂ ನನಗೆ ಸರಿಯಾಗಿ ನೆನಪಿಲ್ಲ, ಆ ಸೆರಗಿನ ಹೊಗೆವಾಸನೆ ಮಾತ್ರ ನೆನಪಿದೆ.

ಡಾಕ್ಟರು ಬೆನ್ನಿನ ಫೋಟೋ ತೆಗೆಸಿ ನೋಡಿದರು. "ಹೆಂಗ ಬಿದ್ರಿ?" ಎಂದು ಕೇಳಿದರು. "ಕಾಲ ಜಾರಿತ್ರಿ" ಎಂದರು ಅತ್ತೆ. ಡಾಕ್ಟರು ನನ್ನ ಬೆನ್ನಿನ ಮೇಲಿನ ಗುರುತು ನೋಡಿ ನಕ್ಕೂ ನಗದಂತೆ, "ಕಾಲ ಮುಂದಾಗಿ ಹುಟ್ಟಿದವರು ಯಾರದಾರ್ರಿ ಮನ್ಯಾಗ?" ಎಂದರು. ಅವರೂ ಈ ಕಡೆಯವರೇ. ಎಲುಬು ಮುರಿದಿರಲಿಲ್ಲ, ಬೆನ್ನುಹುರಿಯಿಂದ ಕಾಲಿಗೆ ಇಳಿಯುವ ನರ ಒತ್ತಿಕೊಂಡಿತ್ತು. ಹಲಗೆಯ ಮೇಲೆ ಅಲುಗಾಡದೆ ಮಲಗಬೇಕು, ಭಾರ ಎತ್ತಬಾರದು ಎಂದರು.

"ಕೂಸನ್ನ?" ಎಂದೆ.

"ಕೂಸೂ ಭಾರನ ಅಲ್ಲೇನ್ರಿ ತಂಗಿ?"

"ಎಲ್ಲೀ ತನಕಾ?"

"ಅದನ್ನ ನಿಮ್ಮ ಬೆನ್ನ ಹೇಳಬೇಕು."

ನಮ್ಮ ಮನೆಯವರು ಅಂಗಡಿಯ ಹಳೆಯ ಬಾಗಿಲ ಹಲಗೆಗಳನ್ನು ತಂದು ಪಡಸಾಲೆಯಲ್ಲಿ ಜೋಡಿಸಿದರು. ಸುಮ್ಮನೆ ಕೂರಲು ಬಾರದವಳು ಸುಮ್ಮನೆ ಮಲಗುವುದೆಂದರೆ ಅದೆಂಥ ಶಿಕ್ಷೆ ಎಂದು ಹೇಗೆ ಹೇಳಲಿ! ಹೊತ್ತು ಹೋಗುತ್ತಿರಲಿಲ್ಲ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನನ್ನ ಅಂಗೈ ತುರಿಸುತ್ತಿತ್ತು. ಹಿಟ್ಟು ಗಟ್ಟಿಯಾಗಿದೆಯೆಂದು ಸಪ್ಪಳದಿಂದಲೇ ಗೊತ್ತಾಗಿ ಮಲಗಿದಲ್ಲಿಂದಲೇ ಕೂಗುತ್ತಿದ್ದೆ. ಕೆಲಸ ಮಾಡುವವರಿಗೆ ಮಲಗಿದವಳ ಉಪದೇಶ ಎಷ್ಟು ರುಚಿಸೀತು? ಅವರು ಕೇಳಿಸದವರಂತೆ ಬಡಿಯುತ್ತಲೇ ಇರುತ್ತಿದ್ದರು. ಅದು ಇನ್ನೂ ಕಷ್ಟ.

ಗಿರಿಜಾ ಮೊದಮೊದಲು ಬಂದು ನನ್ನ ಎದೆಯ ಮೇಲೆ ಬೀಳುತ್ತಿದ್ದಳು, ನಾನು ಚೀರುತ್ತಿದ್ದೆ. ನನ್ನ ಚೀರಾಟಕ್ಕೆ ಹೆದರಿ ಅವಳು ಬರುವುದನ್ನು ಬಿಟ್ಟಳು. ಅವಳಿಗೆ ಕೂರಲು ನೀಲವ್ವನ ಸೊಂಟ ಸಿಕ್ಕಿತ್ತು. ನೀಲವ್ವ ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಕೂಸನ್ನು ಎತ್ತಿಕೊಂಡೇ ಕಸ ಹೊಡೆಯುತ್ತಿದ್ದಳು, ಎತ್ತಿಕೊಂಡೇ ನೀರು ತರುತ್ತಿದ್ದಳು. ಒಂದು ದಿನ ಗಿರಿಜಾ ಅವಳನ್ನು "ಅವ್ವಾ" ಎಂದಳು. "ನಾ ಅತ್ತಿ, ಅವ್ವ ಅಲ್ಲ! ಅಲ್ಲಿ ನೋಡು ನಿಮ್ಮವ್ವ" ಎಂದು ನೀಲವ್ವ ನನಗೆ ಕೇಳಿಸುವಂತೆ ದೊಡ್ಡ ದನಿಯಲ್ಲಿ ತಿದ್ದಿದಳು. ಆಮೇಲಾಮೇಲೆ ಮೆಲ್ಲಗೆ ತಿದ್ದುತ್ತಿದ್ದಳು. ಆಮೇಲೆ ತಿದ್ದುವುದನ್ನೇ ಬಿಟ್ಟಳು.

ಮಹಾನವಮಿಯ ಹೊತ್ತಿಗೆ ನಾನು ಸೊಂಟದ ಮೇಲೆ ಕೈಯಿಟ್ಟು ಮನೆಯೊಳಗೆ ಓಡಾಡುವಷ್ಟಾಗಿದ್ದೆ. ನೀಲವ್ವನ ಗಂಡ ಅವಳನ್ನು ನೋಡಲು ಬಂದಿದ್ದರು. ಊಟವಾದ ಮೇಲೆ ಅತ್ತೆ ಅವರಿಗೆ ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು.

"ಜ್ವಾಳದ ಸುಗ್ಗಿಗೆ ನೀಲವ್ವನ್ನ ಕಳಸ್ತೇನಿ. ಕೂಸನ್ನೂ ಕರಕೊಂಡ ಹೋಗ್ರಿ. ಇಲ್ಲಿ ಅದನ್ನ ಎತ್ತಾವ್ರು ಯಾರದಾರು? ಇಕಿ ಬೆನ್ನ ನೆಟ್ಟಗಾದ ಮ್ಯಾಲ ನೋಡೂಣು."

"ಆತ್ರಿ. ನಮ್ಮ ಮನೀಗೂ ಕೂಸು ಬೇಕಾಗೇತಿ" ಎಂದರು ಅವರು. ಎಷ್ಟು ಸಂತೋಷವಿತ್ತು ಆ ದನಿಯಲ್ಲಿ!

ಅದರಲ್ಲಿ ಯಾರದೂ ತಪ್ಪಿರಲಿಲ್ಲ. ಅತ್ತೆಯ ಕೈಕಾಲು ನಡುಗುತ್ತಿದ್ದವು, ಓಡುವ ಕೂಸಿನ ಹಿಂದೆ ಹೋಗಲು ಅವರಿಂದ ಆಗುತ್ತಿರಲಿಲ್ಲ. ಆದರೆ ನನಗೆ ನಮ್ಮ ಮನೆತನದ ರೀತಿ ಗೊತ್ತಿತ್ತು. ಮಕ್ಕಳಿಲ್ಲದ ಮನೆಗೆ ಒಮ್ಮೆ ಹೋದ ಕೂಸು ತಿರುಗಿ ಬರುವುದಿಲ್ಲ. ಹಬ್ಬಕ್ಕೆ ಬರುತ್ತದೆ, ಹೊಸ ಲಂಗ ತೋರಿಸುತ್ತದೆ, ಹೋಗುತ್ತದೆ. ಆ ಹೊತ್ತಿನಿಂದ ನನ್ನ ತಲೆಯಲ್ಲಿ ಒಂದೇ ಗುಂಗು: ಸುಗ್ಗಿಯೊಳಗೆ ನಾನು ಗಿರಿಜಾಳನ್ನು ಎತ್ತಿಕೊಳ್ಳಬೇಕು.

ಚೀನದಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಹಲ್ಲಿನ ಡಾಕ್ಟರರೊಬ್ಬರ ಮನೆಗೆ ನಾನು ಹೋದದ್ದು ನನ್ನ ರೋಗಕ್ಕಲ್ಲ, ಅತ್ತೆಯ ಹಲ್ಲಿಗೆ. ಪೇಟೆಯ ಒಂದು ಬೀದಿಯಲ್ಲಿ ಅವರ ಅಂಗಡಿ. ಹಿಂದಿನ ಭಾಗದಲ್ಲಿ ಮನೆ, ನಡುವೆ ಚಿಕ್ಕ ಅಂಗಳ. ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಜೋಡಿ ಜೋಡಿ ಹಲ್ಲುಸೆಟ್ಟುಗಳು ನಗುತ್ತ ಕೂತಿದ್ದವು. ಅತ್ತೆಗೆ ಅವನ್ನು ನೋಡಿ ಎದೆ ಹಾರಿತು. "ಸತ್ತವರ ಹಲ್ಲೇನ ಇವು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಡಾಕ್ಟರರಿಗೆ ಕೇಳಿಸಿತು. "ಹೊಸಾವು ಅಮ್ಮಾ, ಎಲ್ಲಾ ಹೊಸಾವು" ಎಂದು ನಗುತ್ತ ಕುರ್ಚಿ ತೋರಿಸಿದರು.

ನಾನು ಬಾಕಿನ ಮೇಲೆ ಕೂರಲಾರದೆ ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದೆ. ಒಳಗಿನ ಅಂಗಳದಲ್ಲಿ ಡಾಕ್ಟರರ ತಾಯಿ ನಿಂತಿದ್ದಳು. ಕರಿ ಪಾಯಜಾಮ, ಸಡಿಲ ಅಂಗಿ, ಹಿಂದೆ ಬಿಗಿದ ಬಿಳಿ ತುರುಬು. ಕೈಗಳನ್ನು ಎದೆಯ ಮುಂದೆ ಗಾಳಿಯಲ್ಲಿ ತೇಲಿಸುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ, ಎಷ್ಟು ನಿಧಾನ ತಿರುಗುತ್ತಿದ್ದಳೆಂದರೆ ನನಗೆ ಹೋಗಿ ಅವಳನ್ನು ಮುಂದಕ್ಕೆ ತಳ್ಳಬೇಕೆನಿಸಿತು. ಕಣ್ಣು ತಪ್ಪಿಸಲೂ ಆಗಲಿಲ್ಲ. ಅವಳು ನನ್ನ ಸೊಂಟದ ಮೇಲಿನ ಕೈ ನೋಡಿದಳು, ತನ್ನ ಸೊಂಟ ಮುಟ್ಟಿ ತೋರಿಸಿ ಮುಖ ಕಿವುಚಿದಳು. ನಾನು ತಲೆಯಾಡಿಸಿದೆ. ಬಾ ಎಂದು ಕೈಬೀಸಿದಳು.

ಅವಳಿಗೆ ಪಕ್ಕದ ಮನೆಗಳ ಮುಸಲ್ಮಾನ ಹೆಂಗಸರಿಂದ ಕಲಿತ ನಾಲ್ಕು ಹಿಂದೂಸ್ತಾನಿ ಮಾತು ಬರುತ್ತಿದ್ದವು. ನಮ್ಮ ಮಾತಿನಲ್ಲಿ ಒಂದೇ ಒಂದು ಗಟ್ಟಿಯಾಗಿ ಬರುತ್ತಿತ್ತು: "ಸಾವಕಾಸ". ಎಲ್ಲರೂ ಕರೆಯುವಂತೆ ನಾನೂ ಅವಳನ್ನು ಆಯಿ ಎಂದೆ. ಹಲ್ಲಿನ ಅಳತೆ, ಹಲ್ಲು ಕೂಡಿಸುವುದು, ಕೂಡಿಸಿದ್ದನ್ನು ಉಜ್ಜಿಸುವುದು ಎಂದು ಅತ್ತೆ ಮೇಲಿಂದ ಮೇಲೆ ಅಲ್ಲಿಗೆ ಹೋಗಬೇಕಾಗಿತ್ತು. ಆ ಹೊತ್ತು ನಾನು ಅಂಗಳದಲ್ಲಿರುತ್ತಿದ್ದೆ. ಅದನ್ನು ತೈ ಚಿ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅದು ನನಗೆ ಆಯಿಯ ಕಸರತ್ತು.

ಮೊದಲ ದಿನ ಅವಳು ತೋರಿಸಿದ್ದನ್ನು ನಾನು ಸರಸರ ಮಾಡಿ ಮುಗಿಸಿ, ಮುಂದೇನು ಎಂದು ನಿಂತೆ. ಅವಳು ಇನ್ನೂ ಮೊದಲ ಕೈ ಎತ್ತುತ್ತಿದ್ದಳು. ನನ್ನನ್ನು ನೋಡಿ ಹಲ್ಲು ಕಾಣುವಂತೆ ನಕ್ಕಳು. ಹಲ್ಲಿನ ಡಾಕ್ಟರರ ತಾಯಿಗೆ ಮುಂದಿನ ಎರಡು ಹಲ್ಲೇ ಇರಲಿಲ್ಲ! ನನ್ನ ಮಣಿಕಟ್ಟು ಹಿಡಿದು ತನ್ನ ನಿಧಾನಕ್ಕೆ ಎಳೆದುಕೊಂಡಳು. ಸಿಟ್ಟು ಬಂತು, ಕಾಲು ನಡುಗಿದವು, ಬೆವರು ಇಳಿಯಿತು. ಓಡಿ ದಣಿದದ್ದು ಗೊತ್ತಿತ್ತು, ನಿಧಾನವಾಗಿ ದಣಿಯುವುದು ಗೊತ್ತಿರಲಿಲ್ಲ. ಅವಳೇನು ಶಾಂತ ಸ್ವಭಾವದವಳಲ್ಲ. ನಾನು ಅವಸರ ಮಾಡಿದರೆ ಚೀನೀ ಭಾಷೆಯಲ್ಲಿ ಬೈಯುತ್ತಿದ್ದಳು. ಗುಣವಾಗುತ್ತದೆಯೇ ಎಂದು ಕೇಳಿದರೆ ಭುಜ ಕುಣಿಸುತ್ತಿದ್ದಳು. ಅವಳದೂ ನೋಯುವ ಬೆನ್ನೇ, ಅವಳಿಗೆ ಇದರಿಂದ ಹಗುರವಾಗುತ್ತಿತ್ತು, ಅಷ್ಟೇ.

ದವಾಖಾನೆಯ ಡಾಕ್ಟರರ ಮುಂದೆ ನಾಚಿಕೆ ಬಿಟ್ಟು ಮಾಡಿ ತೋರಿಸಿದೆ. ಅವರು ಗದ್ದಕ್ಕೆ ಕೈಯಿಟ್ಟು ಪೂರ್ತಿ ನೋಡಿದರು. "ಮಾಡ್ರಿ. ಬೆನ್ನ ಬಗ್ಗಿಸಬ್ಯಾಡ್ರಿ, ಮೊಣಕಾಲ ಬಗ್ಗಸ್ರಿ. ಕಾಲಿಗೆ ಜುಂ ಅಂದ್ರ ಅಲ್ಲಿಗೆ ಬಿಡ್ರಿ" ಎಂದರು.

ಮನೆಯ ಮಾಳಿಗೆಯ ಮೇಲೆ ಮಾಡತೊಡಗಿದೆ. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಹೆಂಗಸು ನೋಡಿ, ಕೆಳಗಿಳಿದು ಬಂದು ಅತ್ತೆಗೆ ಹೇಳಿದಳು: "ನಿಮ್ಮ ಸೊಸೀಗಿ ಗಾಳಿ ಬಡದೈತ್ರಿ. ಇಲ್ಲದವರ ಕೂಡ ಕೈ ಮಾಡಿ ಮಾತಾಡಾಕತ್ತಾಳ." ಅತ್ತೆ ಮೇಲೆ ಬಂದು ನಿಂತು ನೋಡಿದರು. ಹೊಸ ಹಲ್ಲಿನಿಂದ ಇನ್ನೂ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಮಾಡವಾ, ಮಾಡು. ಓಣ್ಯಾಗ ಮಂದಿ ನಗೂದಕ್ಕ ನನ್ನ ಹಲ್ಲೊಂದ ಸಾಲದಾಗಿತ್ತು" ಎಂದು ಇಳಿದು ಹೋದರು.

ದೀಪಾವಳಿ ಕಳೆದು ನೋವು ಕಾಲಿನಿಂದ ಮೇಲಕ್ಕೆ ಸರಿದಿತ್ತು, ಸೊಂಟದಲ್ಲಷ್ಟೇ ಉಳಿದಿತ್ತು. ನನಗೆ ಅಷ್ಟು ಸಾಕಾಯಿತು. ಒಂದು ಮಧ್ಯಾಹ್ನ ನೀಲವ್ವ ಹಿತ್ತಲಲ್ಲಿದ್ದಾಗ, ಆಡುತ್ತಿದ್ದ ಗಿರಿಜಾಳನ್ನು ಹಿಂದಿನಿಂದ ಗಬಕ್ಕನೆ ಎತ್ತಿದೆ. ಅವಳು ಹೆದರಿ ಕೊಸರಿದಳು. ನನ್ನ ಬೆನ್ನಿನಲ್ಲಿ ಮತ್ತೆ ಅದೇ ಕಡಕ್! ಕೂಸನ್ನು ಕೆಳಗೆ ಬೀಳಿಸಲಿಲ್ಲ, ಅದೊಂದೇ ಪುಣ್ಯ. ಅವಳನ್ನು ತಬ್ಬಿಕೊಂಡೇ ಗೋಡೆಗೆ ಒರಗಿ ಕುಸಿದೆ. ನೀಲವ್ವ ಓಡಿ ಬಂದು ಅಳುವ ಕೂಸನ್ನು ತೆಗೆದುಕೊಂಡಳು. ನಾನು ಮತ್ತೆ ಹಲಗೆಯ ಮೇಲೆ. ಆ ಸಲ ಅತ್ತಷ್ಟು ನಾನು ಹುಟ್ಟಿದ ಮೇಲೆ ಅತ್ತಿರಲಿಲ್ಲ. ನೋವಿಗಲ್ಲ. ಸುಗ್ಗಿ ಹತ್ತಿರ ಬರುತ್ತಿತ್ತು, ಗುಣವಾಗುತ್ತಿದ್ದ ಬೆನ್ನನ್ನು ನಾನೇ ನನ್ನ ಅವಸರದಿಂದ ಹಿಂದಕ್ಕೆ ತಳ್ಳಿದ್ದೆ.

ಎದ್ದು ಓಡಾಡುವಂತಾದ ಮೇಲೆ ಆಯಿಯ ಹತ್ತಿರ ಹೋಗಿ, ಕೂಸನ್ನು ಎತ್ತಿದ್ದನ್ನು ಕೈಸನ್ನೆಯಲ್ಲಿ ಹೇಳಿದೆ. ಅವಳು ಬೆನ್ನು ತಿರುಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಂಗಳದಲ್ಲೇ ನಿಂತೆ. ಕಾಯುವುದು ನನಗೆ ಬರುತ್ತಿರಲಿಲ್ಲ, ಆದರೂ ಕಾದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು ಬಂದು, ಏನೂ ಆಗದವಳಂತೆ ನನ್ನ ಪಕ್ಕದಲ್ಲಿ ನಿಂತು ಮೊದಲ ಕೈ ಎತ್ತಿದಳು. ಅಂದು ನಾನು ಅವಳಿಗಿಂತ ಮುಂದೆ ಹೋಗಲಿಲ್ಲ.

ಆ ಮೇಲೆ ಮನೆಯಲ್ಲಿ ಒಂದು ಜೋಳದ ಚೀಲ ಹೊಲಿದುಕೊಂಡೆ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಚೀಲವನ್ನು ಎದೆಗೆ ಅಪ್ಪಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತ ಏಳುವುದು. ಮೊದಲು ಹಿಡಿಯಷ್ಟು ಜೋಳ. ಯಾರಿಗೂ ಹೇಳಿರಲಿಲ್ಲ. ಆದರೆ ಕೆಲವು ದಿನಗಳಲ್ಲಿ ಚೀಲ ತಾನಾಗಿಯೇ ತುಸು ಭಾರವಾಗಿತ್ತು. ಇನ್ನೂ ಕೆಲವು ದಿನಕ್ಕೆ ಇನ್ನಷ್ಟು. ನಮ್ಮ ಮನೆಯವರು ಅಂಗಡಿಗೆ ಹೋಗುವ ಮುಂಚೆ ಮಾಳಿಗೆ ಹತ್ತಿ, ಚೀಲದ ಬಾಯಿ ಬಿಚ್ಚಿ, ಒಂದೊಂದು ಬೊಗಸೆ ಸುರಿದು ಹೋಗುತ್ತಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅತ್ತೆ ಇರುವ ಮನೆಯಲ್ಲಿ ಗಂಡಹೆಂಡಿರು ಆಡುವ ಮಾತೇ ಅಷ್ಟು. ಅವರ ಬೊಗಸೆಯನ್ನು ನಾನು ಎಂದೂ ಮರೆತಿಲ್ಲ.

ಆಯಿಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಮುಂದೆ ಚೀನದೊಡನೆ ಯುದ್ಧವಾಯಿತು. ಅವರ ಅಂಗಡಿಗೆ ಹೋಗಲು ಜನ ಹಿಂದೆಮುಂದೆ ನೋಡತೊಡಗಿದರು. ನಾನು ಅತ್ತೆಯನ್ನು ಕರೆದುಕೊಂಡು ಒಂದು ದಿನ ಹೋದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದರೆಂದು ಯಾರೂ ಸರಿಯಾಗಿ ಹೇಳಲಿಲ್ಲ. ಅತ್ತೆ ದಾರಿಯುದ್ದಕ್ಕೂ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ನಡೆದರು. ನನಗೆ ಈಗಲೂ ಚಳಿಗಾಲದಲ್ಲಿ ಬೆನ್ನು ಹಿಡಿಯುತ್ತದೆ, ಈಗಲೂ ಬೆಳಿಗ್ಗೆ ಎದ್ದು ಅದನ್ನು ಮಾಡುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಅದರ ಜೊತೆ ಏಗುವುದು ಕಲಿತಿದ್ದೇನೆ.

ನಾನು ಚೀಲ ಎತ್ತುತ್ತಿದ್ದ ಆ ವರ್ಷ ಸಂಕ್ರಾಂತಿ ಕಳೆದು ಸುಗ್ಗಿ ಬಂತು. ನೀಲವ್ವನ ಗಂಡ ಚಕ್ಕಡಿ ಕಟ್ಟಿಕೊಂಡು ಬಂದರು. ಗಿರಿಜಾಳ ಬಟ್ಟೆಗಳ ಗಂಟು ಆಗಲೇ ಬಾಗಿಲಲ್ಲಿತ್ತು. ನೀಲವ್ವ ಹೊಸ ಇಳಕಲ್ ಸೀರೆ ಉಟ್ಟು, ಕೂಸಿಗೆ ಕಾಡಿಗೆ ಹಚ್ಚಿ, ಸೊಂಟದ ಮೇಲೆ ಕೂಡಿಸಿಕೊಂಡು ನಿಂತಿದ್ದಳು. ಎಷ್ಟು ದಿನ ಮನಸ್ಸಿನಲ್ಲೇ ಹೇಳಿಕೊಂಡ ಮಾತು, ಬಾಯಿಗೆ ಬರುವಾಗ ತೊದಲಿತು.

"ಕೂಸು ಇಲ್ಲೇ ಇರ್ತೈತ್ರಿ."

"ಹುಚ್ಚಿ! ಮತ್ತ ಬೆನ್ನ ಮುರಕೊಂಡ್ರ ಯಾರ ನೋಡಬೇಕ?" ಎಂದರು ಅತ್ತೆ.

ನಾನು ನೀಲವ್ವನ ಹತ್ತಿರ ಹೋಗಿ, "ಕೆಳಗ ಇಳಸವಾ ಆಕಿನ್ನ" ಎಂದೆ. ಇಳಿಸಿದಳು. ಗಿರಿಜಾ ಅವಳ ಸೆರಗು ಹಿಡಿದು ನಿಂತಳು. ನಾನು ಸಾವಕಾಶ ಮೊಣಕಾಲು ಬಗ್ಗಿಸಿ ಕೂಸಿನ ಎತ್ತರಕ್ಕೆ ಇಳಿದೆ, ಎದೆಗೆ ಅಪ್ಪಿದೆ, ಎದ್ದೆ. ಬೆನ್ನು ಸುಮ್ಮನಿತ್ತು. ನಮ್ಮ ಮನೆಯವರು ಬೇರೆಲ್ಲೋ ನೋಡುತ್ತ ನಿಂತಿದ್ದರು, ಅವರ ಕಣ್ಣು ತುಂಬಿದ್ದವು. ಗೆದ್ದೆ ಎಂದುಕೊಂಡೆ.

ಗಿರಿಜಾ ಚೀರಿದಳು. ಅವಳ ಮುಷ್ಟಿಯಲ್ಲಿ ನೀಲವ್ವನ ಸೆರಗು ಹಾಗೇ ಇತ್ತು. ನಾನು ಬಿಡಿಸಲು ಹೋಗಲಿಲ್ಲ, ನನಗೆ ಧೈರ್ಯವಾಗಲಿಲ್ಲ. ನೀಲವ್ವನೇ ಒಂದೊಂದೇ ಬೆರಳು ಬಿಡಿಸಿದಳು. ಮುಖದ ಮೇಲೆ ಏನೂ ತೋರಿಸದೆ ನಡೆದು ಹೋಗಿ ಚಕ್ಕಡಿ ಹತ್ತಿದಳು. ಎತ್ತುಗಳು ಹೆಜ್ಜೆ ಎತ್ತುವಷ್ಟರಲ್ಲಿ ಇಳಿದು ತಿರುಗಿ ಬಂದಳು. ಕೂಸನ್ನು ಕಸಿದುಕೊಳ್ಳುತ್ತಾಳೆಂದೇ ನಾನು ಬಿಗಿಯಾಗಿ ಹಿಡಿದೆ.

"ವೈನಿ, ಈಕಿ ಬಲಗಡೆ ಟೊಂಕದ ಮ್ಯಾಲ ಕುಂದ್ರಂಗಿಲ್ರಿ. ಎಡಗಡೆ ಹಾಕ್ಕೋರಿ" ಎಂದಳು. "ಮಕ್ಕೊಳ್ಳೂ ಮುಂದ ಕಿವಿ ತಿಕ್ಕಬೇಕ್ರಿ. ಸಜ್ಜಕದಾಗ ಯಾಲಕ್ಕಿ ಹಾಕಿದ್ರ ಉಗುಳತಾಳ. ಗುಡುಗಿಗೆ ಅಂಜತಾಳ, ಕತ್ತಲಿಗೆ ಅಂಜಂಗಿಲ್ಲ." ಇನ್ನೂ ಏನೋ ನೆನಪು ಮಾಡಿಕೊಳ್ಳಲು ನಿಂತಳು. ನೆನಪಾಗಲಿಲ್ಲವೋ, ಹೇಳಲಾಗಲಿಲ್ಲವೋ, ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು.

ನಾನು ಹೆತ್ತ ಕೂಸಿನ ಬಗ್ಗೆ ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಗಿರಿಜಾ ನನ್ನ ಬಲಗಡೆ ಕೂತು ಒದ್ದಾಡುತ್ತಿದ್ದಳು. ಅವಳನ್ನು ಎಡಗಡೆಗೆ ಹಾಕಿಕೊಂಡೆ. ಕಾಲುಗಳು ನನ್ನ ಸೊಂಟವನ್ನು ಹಿಡಿದುಕೊಂಡವು. ಚಕ್ಕಡಿ ಓಣಿಯ ತಿರುವಿನ ಕಡೆ ಹೋಗುತ್ತಿತ್ತು. ಅವಳು ಅತ್ತ ಎರಡೂ ಕೈ ಚಾಚಿ "ಅವ್ವಾ, ಅವ್ವಾ" ಎಂದು ಕೂಗುತ್ತಿದ್ದಳು. ಯಾರನ್ನು ಕರೆಯುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಕೂಗಿದಾಗಲೆಲ್ಲ ನಾನು "ಓ" ಎಂದೆ.